250 ಡಾಲರಿನ ಪಿಸ್ತೂಲನ್ನು ನಂಬಿ ದಿನಾ ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಡಲ್ಲಾಸ್ ಹತ್ತಿರ ಗ್ಯಾಸ್ ಸ್ಟೇಷನ್ ನೋಡಿಕೊಳ್ಳುತ್ತೀರಿ, ರಾತ್ರಿ ಗಲ್ಲಾ ಮುಚ್ಚಿ ಒಬ್ಬರೇ ಕಾರಿನವರೆಗೆ ನಡೆಯಬೇಕು. ಅಂಗಡಿಯಲ್ಲಿ ಟಾರಸ್ ಕಂಪನಿಯ ಜಿ3ಸಿ ಪಿಸ್ತೂಲು 250 ಡಾಲರಿಗೆ ಸಿಗುತ್ತಿದೆ, ಗ್ಲಾಕ್ ಕಂಪನಿಯದು ಬೇಕೆಂದರೆ ಅದರ ಎರಡು ಪಟ್ಟು ಕೊಡಬೇಕು. ಅಗ್ಗದ್ದನ್ನು ನೆಚ್ಚಿಕೊಳ್ಳಬಹುದಾ?

ನೆಚ್ಚಿಕೊಳ್ಳಬಹುದು. ಆದರೆ ಪರೀಕ್ಷೆ ಮಾಡಿ ನೋಡಿದ ಮೇಲೆ ಮಾತ್ರ. ಪರೀಕ್ಷೆಗೆ ಬೇಕಾದ ಗುಂಡುಗಳ ಖರ್ಚು ಪಿಸ್ತೂಲಿನ ಬೆಲೆಯಷ್ಟೇ ಆಗುತ್ತದೆ. ಬಹಳ ಜನ ಎಡವುವುದು ಇಲ್ಲೇ. 250 ಉಳಿಸಿದೆವು ಎಂದುಕೊಂಡು ಒಂದು ಡಬ್ಬಿ ಗುಂಡು ಹೊಡೆದು, "ಚೆನ್ನಾಗಿ ಓಡ್ತಿದೆ" ಅಂತ ಸೊಂಟಕ್ಕೆ ಸಿಕ್ಕಿಸಿಕೊಂಡು ಬಿಡುತ್ತಾರೆ.

ಕಾನೂನಿನ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಗ್ರೀನ್‌ಕಾರ್ಡ್ ಬಂದಿದೆ ಎಂದಿರಿ, ಹಾಗಾಗಿ ಕೊಳ್ಳಲು ಅಡ್ಡಿಯಿಲ್ಲ. ಆದರೆ ಎಚ್-1ಬಿ ಮೇಲಿರುವ ಗೆಳೆಯರಿಗೆ ಇದನ್ನು ಕೈಗೆ ಕೊಡಬೇಡಿ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಅವರ ಬಳಿ ಬಂದೂಕು ಇರುವುದೇ ಫೆಡರಲ್ ಅಪರಾಧ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರಿನಿಂದ 21 ತುಂಬಿದ, ಬೇರೆ ಕಾನೂನಿನ ಅಡ್ಡಿಯಿಲ್ಲದವರು ಪರವಾನಗಿ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು ನಿಜ. ಆದರೂ ಶಾಲೆಯ ಕಟ್ಟಡದೊಳಗೆ ಒಯ್ಯುವಂತಿಲ್ಲ. ನಮ್ಮವರ ರಾಜ್ಯೋತ್ಸವ ಎಷ್ಟೋ ಕಡೆ ಶಾಲೆಯ ಆಡಿಟೋರಿಯಂನಲ್ಲೇ ನಡೆಯುವುದರಿಂದ ಇದನ್ನು ಹೇಳಿದೆ.

ನಂಬಿಕಸ್ಥ ಅಂದರೆ ಟ್ರಿಗರ್ ಎಳೆದಾಗ ಹಾರಬೇಕು ಎಂದಷ್ಟೇ ಎಲ್ಲರೂ ಯೋಚಿಸುತ್ತಾರೆ. ಎಳೆಯದಿದ್ದಾಗ ಹಾರಬಾರದು ಎನ್ನುವುದು ಅದಕ್ಕಿಂತ ಮೊದಲಿನದು, ಏಕೆಂದರೆ ವರ್ಷಪೂರ್ತಿ ಅದು ನಿಮ್ಮ ಹೊಟ್ಟೆಗೆ ಒತ್ತಿಕೊಂಡೇ ಇರುತ್ತದೆ. ಅಗ್ಗದ ಪಿಸ್ತೂಲುಗಳಿಗೆ ಕೆಟ್ಟ ಹೆಸರು ಬಂದದ್ದೂ ಈ ಕಾರಣಕ್ಕೇ. ಕ್ಯಾಲಿಫೋರ್ನಿಯಾದ ಬ್ರೈಕೋ ಕಂಪನಿಯ ಒಂದು ಪಿಸ್ತೂಲಿನಲ್ಲಿ ಗುಂಡು ತೆಗೆದು ಖಾಲಿ ಮಾಡಬೇಕೆಂದರೆ ಸೇಫ್ಟಿಯನ್ನು (ಗುಂಡು ಹಾರದಂತೆ ತಡೆಯುವ ಕೀಲು) ಆಫ್ ಮಾಡಲೇಬೇಕಿತ್ತು. 1994ರಲ್ಲಿ ಮನೆಯೊಂದರಲ್ಲಿ ಹಾಗೆ ಖಾಲಿ ಮಾಡಲು ಹೋದಾಗ ಗುಂಡು ಹಾರಿ 7 ವರ್ಷದ ಹುಡುಗ ಜೀವನಪೂರ್ತಿ ಪಾರ್ಶ್ವವಾಯುವಿಗೆ ಒಳಗಾದ. 2003ರಲ್ಲಿ ಜ್ಯೂರಿ ಕೋಟಿಗಟ್ಟಲೆ ಡಾಲರ್ ಪರಿಹಾರ ವಿಧಿಸಿತು, ಕಂಪನಿ ದಿವಾಳಿ ಎದ್ದಿತು.

ಟಾರಸ್‌ಗೂ ಇತಿಹಾಸವಿದೆ. ಕೆಳಗೆ ಬಿದ್ದರೆ ಹಾರಬಹುದು ಎಂಬ ಮೊಕದ್ದಮೆಯಲ್ಲಿ 2015ರಲ್ಲಿ ರಾಜಿಯಾಯಿತು, ಒಂಬತ್ತು ಹಳೆಯ ಮಾದರಿಗಳು ಅದರಲ್ಲಿದ್ದವು. ಜಿ3ಸಿ ಬಂದದ್ದೇ 2020ರಲ್ಲಿ, ಆ ಪಟ್ಟಿಗೆ ಅದು ಸೇರಿಲ್ಲ. ಹಾಗಂತ ದುಬಾರಿಯದು ಸಾಚಾ ಎಂದೇನಿಲ್ಲ. 2017ರಲ್ಲಿ ಸಿಗ್ ಪಿ320 ಬಿದ್ದರೆ ಹಾರುತ್ತದೆ ಎಂದು ಗೊತ್ತಾಗಿ ಕೇಳಿದವರಿಗೆ ಕಂಪನಿಯೇ ಟ್ರಿಗರ್ ಭಾಗಗಳನ್ನು ಬದಲಿಸಿ ಕೊಡಬೇಕಾಯಿತು. ರೂಗರ್ ಎಲ್‌ಸಿಪಿ 2008ರಲ್ಲಿ, ಸ್ಪ್ರಿಂಗ್‌ಫೀಲ್ಡ್ ಎಕ್ಸ್‌ಡಿ-ಎಸ್ 2013ರಲ್ಲಿ ದೋಷಕ್ಕಾಗಿ ಕಂಪನಿಗೆ ವಾಪಸು ಹೋದವು. ಇನ್ನೊಂದು ವಿಚಿತ್ರ ನೋಡಿ, ಮಕ್ಕಳ ಆಟಿಕೆ ಪಿಸ್ತೂಲಿನಲ್ಲಿ ದೋಷವಿದ್ದರೆ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ವಾಪಸು ತೆಗೆಸಬಲ್ಲದು, ನಿಜವಾದ ಪಿಸ್ತೂಲಿನ ಮೇಲೆ ಅದಕ್ಕೆ ಅಧಿಕಾರವೇ ಇಲ್ಲ. ಕಂಪನಿ ತಾನಾಗಿ ಬಾಯಿಬಿಡಬೇಕು, ಇಲ್ಲವೇ ಕೋರ್ಟು ಬಿಡಿಸಬೇಕು. ಆದ್ದರಿಂದ ದುಡ್ಡು ಕೊಡುವ ಮುಂಚೆ ಕಂಪನಿಯ ಸೈಟಿನಲ್ಲಿ ಆ ಪಿಸ್ತೂಲಿನ ಸೀರಿಯಲ್ ನಂಬರ್ ಹಾಕಿ ನೋಡುವುದು ನಿಮ್ಮದೇ ಕೆಲಸ.

ಈಗ ಪರೀಕ್ಷೆ. ಹೊಸ ಪಿಸ್ತೂಲನ್ನು ಡಬ್ಬಿಯಿಂದ ತೆಗೆದವರೇ ರೇಂಜಿಗೆ (ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗ) ಓಡಬೇಡಿ. ಕಾರ್ಖಾನೆಯಲ್ಲಿ ಬಳಿಯುವ ಎಣ್ಣೆ ತುಕ್ಕು ಹಿಡಿಯದಿರಲಿ ಎಂದು, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಜಾರಲಿ ಎಂದಲ್ಲ. ಬಿಚ್ಚಿ, ಒರೆಸಿ, ಗನ್ ಆಯಿಲ್ ಹಾಕಿ. ಮೊದಲು ಸಾಧಾರಣ ತಾಮ್ರದ ಹೊದಿಕೆಯ ಗುಂಡು 300 ಹೊಡೆಯಿರಿ, ಆಮೇಲೆ ದಿನಾ ಒಯ್ಯಬೇಕೆಂದಿರುವ, ತುದಿ ಟೊಳ್ಳಾಗಿರುವ ಹಾಲೋ ಪಾಯಿಂಟ್ ಗುಂಡು 200. ಸಾಧಾರಣದ್ದು ಒಂದಕ್ಕೆ 25-30 ಸೆಂಟ್, ಹಾಲೋ ಪಾಯಿಂಟ್ ಹತ್ತಿರ ಹತ್ತಿರ ಒಂದು ಡಾಲರ್. ಎರಡೂ ಸೇರಿದರೆ ನಾನು ಹೇಳಿದ ಖರ್ಚು ಬಂತು. ಹಾಲೋ ಪಾಯಿಂಟ್ ಉಳಿಸಲು ಹೋಗಬೇಡಿ, ಅಗ್ಗದ ಪಿಸ್ತೂಲಿನ ಬಂಡವಾಳ ಬಯಲಾಗುವುದೇ ಅದರಲ್ಲಿ.

ನನ್ನ ಜೊತೆ ರೇಂಜಿಗೆ ಬರುವ ಒಬ್ಬರ ಪಿಸ್ತೂಲು ಹೀಗೆ ಆಡುತ್ತಿತ್ತು: ಸ್ಲೈಡ್ ಮುಂದೆ ಬರುತ್ತದೆ, ಇನ್ನೇನು ಮುಚ್ಚಬೇಕು, ಅರ್ಧ ಬೆರಳಷ್ಟು ಹಿಂದೆಯೇ ಕಚ್ಚಿಕೊಳ್ಳುತ್ತದೆ. ಒಳಗೆ ಇಣುಕಿದರೆ ಗುಂಡಿನ ಚಪ್ಪಟೆ ಬಾಯಿ ಬ್ಯಾರೆಲ್ಲಿನ ಇಳಿಜಾರಿಗೆ ಮೂತಿ ಊರಿ ನಿಂತಿದೆ. ತೆಗೆದು ನೋಡಿದರೆ ತುಟಿಯ ಮೇಲೆ ಉಗುರಿನಿಂದ ಒತ್ತಿದಂಥ ಗುರುತು. ಅವರು ಪಿಸ್ತೂಲನ್ನೇ ಬೈಯುತ್ತಿದ್ದರು. ಮ್ಯಾಗಜಿನ್‌ಗಳ (ಪಿಸ್ತೂಲಿನ ಹಿಡಿಯೊಳಗೆ ಹೋಗುವ ಗುಂಡಿನ ಡಬ್ಬಿ) ತಳಕ್ಕೆ ವೈಟ್ನರಿನಲ್ಲಿ 1, 2, 3 ಎಂದು ಬರೆದು ಹೊಡೆದಾಗ ತಿಳಿಯಿತು, ಸಿಕ್ಕಿಹಾಕಿಕೊಂಡದ್ದೆಲ್ಲ 2ರಲ್ಲಿ. ಅದರ ಬಾಯಿಯ ಅಂಚು ಒಂದು ಕಡೆ ಸ್ವಲ್ಪ ಅಗಲಿತ್ತು. ಎಸೆದರು, ಹೊಸದು ತಂದರು, ಕಾಟ ನಿಂತಿತು. ಸಿಕ್ಕಿಕೊಳ್ಳುವ ಪಿಸ್ತೂಲು ಕಂಡರೆ ನಾನು ಮೊದಲು ಅನುಮಾನಪಡುವುದು ಮ್ಯಾಗಜಿನ್ ಮೇಲೆ, ಎರಡನೆಯದಾಗಿ ಮಣಿಕಟ್ಟು ಸಡಿಲ ಬಿಟ್ಟು ಹಿಡಿದವರ ಮೇಲೆ.

ಲೆಕ್ಕ ಇಡುವಾಗ ಒಂದು ಮೋಸ ನಡೆಯುತ್ತದೆ. ಮಲೆನಾಡಿನಲ್ಲಿ ಕೋವಿ ಕಂಡವರಿಗೆ ತೋಟಾ ಠುಸ್ ಅನ್ನುವುದು ಹೊಸದಲ್ಲ. ಜಿ3ಸಿಯಲ್ಲಿ ಹಾಗಾದರೆ ಟ್ರಿಗರನ್ನು ಇನ್ನೊಮ್ಮೆ ಎಳೆದು ಅದೇ ಗುಂಡಿಗೆ ಎರಡನೇ ಏಟು ಕೊಡಬಹುದು. ಎರಡನೇ ಏಟಿಗೆ ಹಾರಿತಲ್ಲ ಎಂದು ಜನ ಅದನ್ನು ಬರೆದುಕೊಳ್ಳುವುದೇ ಇಲ್ಲ. ಬರೆದುಕೊಳ್ಳಿ. ಹಾರದೆ ಉಳಿದ ತೋಟಾದ ಹಿಂಬದಿ ನೋಡಿ, ಏಟು ಕೊಡುವ ಪಿನ್ನಿನ ಕುಳಿ ಆಳವಿಲ್ಲದಿದ್ದರೆ ದೋಷ ಪಿಸ್ತೂಲಿನದ್ದಿರಬಹುದು, ಆಳವಾಗಿದ್ದರೆ ಗುಂಡಿನದ್ದಿರಬಹುದು.

500 ಯಾಕೆ, 50 ಸಾಲದೇ ಎಂದು ಕೇಳಬಹುದು. ಸಂಖ್ಯಾಶಾಸ್ತ್ರದಲ್ಲಿ ಒಂದು ಕೈಲೆಕ್ಕವಿದೆ: ಇಷ್ಟು ಸಲ ಒಂದೂ ತಪ್ಪಿಲ್ಲದೆ ನಡೆಯಿತು ಎಂದರೆ 3ನ್ನು ಆ ಸಂಖ್ಯೆಯಿಂದ ಭಾಗಿಸಿ, ತಪ್ಪುವ ಪ್ರಮಾಣ ಅದಕ್ಕಿಂತ ಕಡಿಮೆ ಎಂದು ಶೇ. 95ರಷ್ಟು ಭರವಸೆಯಿಂದ ಹೇಳಬಹುದು. 50 ಸಲೀಸಾಗಿ ಹೋದರೆ ನಿಮಗೆ ಸಿಕ್ಕ ಖಾತ್ರಿ ಶೇ. 6ರೊಳಗೆ ಎಂಬುದಷ್ಟೇ. ಅಂದರೆ ಹನ್ನೆರಡು ಗುಂಡಿನ ಮ್ಯಾಗಜಿನ್ ಹೆಚ್ಚುಕಡಿಮೆ ಅರ್ಧ ಸಲ ಎಲ್ಲೋ ಒಂದು ಕಡೆ ಕೈಕೊಡುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ. 500 ಹೋದರೆ ಶೇ. 0.6. ಮೊದಲ ನೂರರಲ್ಲಿ ಒಂದೆರಡು ಸಿಕ್ಕಿಕೊಂಡರೆ ಹೊಸ ಸ್ಪ್ರಿಂಗ್ ಪಳಗುತ್ತಿದೆ ಎಂದು ಬಿಡಬಹುದು. ಹಾಲೋ ಪಾಯಿಂಟಿನಲ್ಲಿ ಕಾರಣ ಗೊತ್ತಿಲ್ಲದ ಒಂದು ಆದರೂ ನಾನು ಸೊನ್ನೆಯಿಂದ ಎಣಿಸುತ್ತೇನೆ, ಇನ್ನೊಂದು ಆದರೆ ಕಂಪನಿಗೆ ವಾಪಸು.

ಪರೀಕ್ಷೆ ಮುಗಿದ ಪಿಸ್ತೂಲೂ ಸೊಂಟದಲ್ಲಿ ಕೆಡುತ್ತದೆ. ಟೆಕ್ಸಸ್ ಬೇಸಿಗೆಯ ಬೆವರಿಗೆ ಅಗ್ಗದ ಸ್ಲೈಡಿನ ಮೇಲಿನ ಲೇಪ ಬೇಗ ಸೋಲುತ್ತದೆ, ಬಟ್ಟೆಯ ಎಳೆ ಒಳಗೆ ಸೇರುತ್ತದೆ. ದಿನಾ ರಾತ್ರಿ ಚೇಂಬರಿನ (ಬ್ಯಾರೆಲ್ಲಿನ ಹಿಂತುದಿ) ಗುಂಡು ತೆಗೆದು ಬೆಳಿಗ್ಗೆ ಅದನ್ನೇ ತುಂಬುವ ಅಭ್ಯಾಸ ಬೇಡ. ಪ್ರತಿ ಸಲವೂ ಗುಂಡಿನ ತಲೆ ಚಿಪ್ಪಿನೊಳಕ್ಕೆ ಸ್ವಲ್ಪ ಸ್ವಲ್ಪ ಕುಸಿಯಬಹುದು, ಆಮೇಲೆ ಹೊಡೆದಾಗ ಒತ್ತಡ ಮಿತಿ ಮೀರಬಹುದು. ಹೋಲ್‌ಸ್ಟರ್ (ಸೊಂಟಕ್ಕೆ ಸಿಕ್ಕಿಸುವ ಪಿಸ್ತೂಲಿನ ಒರೆ) ಮಾತ್ರ ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ಕಿನದೇ ಇರಲಿ, ಹತ್ತು ಡಾಲರಿನ ಬಟ್ಟೆಯ ಚೀಲ ಮಡಚಿಕೊಂಡು ಟ್ರಿಗರಿನೊಳಗೆ ನುಗ್ಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಬೀಗವಿರುವ ಪೆಟ್ಟಿಗೆಯೂ ಬೇಕು.

ಇದನ್ನೆಲ್ಲ ಕೂಡಿಸಿದರೆ 600 ಡಾಲರ್ ಹತ್ತಿರ ಬರುತ್ತದೆ. ಅಷ್ಟಿಲ್ಲ ಎಂದಾದರೆ ಪಿಸ್ತೂಲು ಕೊಳ್ಳುವುದನ್ನು ಎರಡು ತಿಂಗಳು ಮುಂದೆ ಹಾಕಿ. ಹೊಸದೇ ಬೇಕೆಂದಿಲ್ಲದಿದ್ದರೆ ಪೊಲೀಸರು ಬಿಟ್ಟುಕೊಟ್ಟ ಹಳೆಯ ಗ್ಲಾಕ್ 22 ಹುಡುಕಿ, ಅದು .40 ಇಂಚು ಅಳತೆಯ ಗುಂಡಿನದು. ಎಫ್‌ಬಿಐ 9 ಎಂಎಂ ಗುಂಡಿಗೆ ಮರಳಿದ ಮೇಲೆ ಇಲಾಖೆಗಳು .40ರ ಪಿಸ್ತೂಲುಗಳನ್ನು ಸಗಟಾಗಿ ಮಾರಿದವು, 300ರ ಆಸುಪಾಸಿನಲ್ಲಿ ಸಿಗುತ್ತವೆ. ಹೋಲ್‌ಸ್ಟರಿಗೆ ಉಜ್ಜಿ ಸ್ಲೈಡಿನ ಮೂಲೆಗಳಲ್ಲಿ ಕಪ್ಪು ಹೋಗಿ ಬಿಳಿಚಿಕೊಂಡಿರುತ್ತದೆ, ಒಳಗೆ ಬ್ಯಾರೆಲ್ ಬಹಳ ಸಲ ಹೊಸದರಂತೆಯೇ ಇರುತ್ತದೆ, ಪೊಲೀಸರು ಹೊತ್ತದ್ದು ಹೆಚ್ಚು, ಹೊಡೆದದ್ದು ಕಡಿಮೆ. ಗಾತ್ರ ದೊಡ್ಡದು, ಏಟೂ ಜೋರು, ಶರ್ಟಿನಡಿ ಮುಚ್ಚುವುದು ಕಷ್ಟ. ನನ್ನ ದುಡ್ಡಾಗಿದ್ದರೆ ಅದಕ್ಕೇ ಹಾಕುತ್ತಿದ್ದೆ. ಆಮೇಲೆ ಸ್ಪ್ರಿಂಗುಗಳನ್ನು ಬದಲಿಸಿ, ಇದೇ ಪರೀಕ್ಷೆಯನ್ನು ಅದಕ್ಕೂ ಮಾಡಿಸುತ್ತಿದ್ದೆ.