ಔಷಧಿ ಹೊಡೆಯುವ ಮುಂಚೆ ಎಲೆ ತಿರುಗಿಸಿ ನೋಡಿ

ಬೇಸಿಗೆ ಶುರುವಾದರೆ ಕೈತೋಟದವರ ಪ್ರಶ್ನೆಗಳು ಜಾಸ್ತಿಯಾಗುತ್ತವೆ. ಕೇಳುವ ತೊಂದರೆ ಬೇರೆ ಬೇರೆ, ಆದರೆ ಕೊನೆಗೆ ಎಲ್ಲರೂ ಕೇಳುವುದು ಒಂದೇ: "ಏನು ಹೊಡೆಯಬೇಕು ಹೇಳಿ." ಏನಾಗಿದೆ ಅಂತಲೇ ಗೊತ್ತಿಲ್ಲದೆ ಏನು ಹೊಡೆಯುವುದು, ಅಲ್ವಾ? ಈ ಸಲ ಬಂದ ಪ್ರಶ್ನೆಗಳಲ್ಲಿ ಎರಡಕ್ಕಂತೂ ಔಷಧಿಯೇ ಬೇಡ.

ಪ್ರಶ್ನೆ: ಗುಲಾಬಿ ಎಲೆಯ ಮೇಲೆಲ್ಲ ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಬಿಳಿ ಚುಕ್ಕೆಗಳು. ಎಲೆ ಬಣ್ಣಗೆಟ್ಟು ಉದುರುತ್ತಿದೆ. ಎರಡು ಸಲ ಕೀಟನಾಶಕ ಹೊಡೆದೆ, ಕಡಿಮೆಯಾಗುವ ಬದಲು ಜಾಸ್ತಿಯೇ ಆಯಿತು. ಯಾಕೆ?

ಒಂದು ಬಿಳಿ ಕಾಗದ ತಗೊಳ್ಳಿ. ಚುಕ್ಕೆ ಬಿದ್ದ ಎಲೆಯ ಕೆಳಗೆ ಹಿಡಿದು ಎಲೆಯನ್ನು ಜೋರಾಗಿ ಎರಡು ಸಲ ತಟ್ಟಿ. ಕಾಗದದ ಮೇಲೆ ಧೂಳಿನ ಕಣದಂಥವು ಬೀಳುತ್ತವೆ. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಿರಿ. ಆ ಕಣಗಳು ನಡೆಯಲು ಶುರುಮಾಡಿದರೆ ಅದು ಜೇಡ ನುಸಿ. ಎಲೆಯ ಅಡಿಯಲ್ಲಿ, ನರಗಳ ಪಕ್ಕ, ತೆಳ್ಳಗೆ ಬಲೆ ಕೂಡ ಕಾಣಬಹುದು.

ನುಸಿ ಕೀಟವೇ ಅಲ್ಲ. ಎಂಟು ಕಾಲಿನ, ಜೇಡದ ಕಡೆಯ ಜೀವಿ. ಹಾಗಾಗಿ ಎಷ್ಟೋ ಕೀಟನಾಶಕಗಳಿಗೆ ಅದು ಬಗ್ಗುವುದಿಲ್ಲ. ಸಾಯುವುದು ಯಾರು ಅಂದರೆ ಆ ನುಸಿಯನ್ನು ತಿಂದು ಬದುಕುವ ಬೇರೆ ನುಸಿಗಳು, ಗುಲಗಂಜಿ ಹುಳುಗಳು. ತಿನ್ನುವವರು ಹೋದ ಮೇಲೆ ಉಳಿದವರಿಗೆ ಹಬ್ಬ. ನಿಮ್ಮ ಗಿಡದಲ್ಲೂ ಬಹುಶಃ ಹೀಗೇ ಆಗಿದೆ. ಅದರ ಮೇಲೆ ಒಣ ಬಿಸಿಲು ಬೇರೆ: ಸೆಕೆಯಲ್ಲಿ ಮೊಟ್ಟೆಯೊಡೆದು ಮರಿ ಬಲಿತು ಮತ್ತೆ ಮೊಟ್ಟೆ ಇಡುವುದಕ್ಕೆ ಅದಕ್ಕೆ ಹೆಚ್ಚುಕಡಿಮೆ ಒಂದು ವಾರ ಸಾಕು.

ಮೊದಲ ಮದ್ದು ನೀರು. ಬೆಳಿಗ್ಗೆ ಹೊತ್ತು ಪೈಪಿನಿಂದ ಎಲೆಯ ಅಡಿಭಾಗಕ್ಕೆ ಬಿರುಸಾಗಿ ನೀರು ಹಾಯಿಸಿ, ಎರಡು ಮೂರು ದಿನಕ್ಕೊಮ್ಮೆ, ಎರಡು ವಾರ. ಮೇಲಿಂದ ಸುರಿದರೆ ಪ್ರಯೋಜನವಿಲ್ಲ, ಅವು ಇರುವುದೇ ಕೆಳಗೆ. ಧೂಳು ಕೂತ ಎಲೆ ಅಂದರೆ ನುಸಿಗೆ ಬಲು ಇಷ್ಟ, ಆ ಧೂಳೂ ಇದರಲ್ಲೇ ಹೋಗುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ ಬೇವಿನೆಣ್ಣೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಮೊದಲು 1-2 ಮಿಲಿ ದ್ರವ ಸೋಪು ಕಲಸಿ, ಆಮೇಲೆ 5 ಮಿಲಿ ಎಣ್ಣೆ ಹಾಕಿ ಚೆನ್ನಾಗಿ ಕುಲುಕಿ, ಅವತ್ತೇ ಬಳಸಿ ಮುಗಿಸಿ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ, ಎಲೆ ಸುಡುತ್ತದೆ. ಮೊದಲು ಒಂದೇ ಎಲೆಗೆ ಹೊಡೆದು ಒಂದು ದಿನ ಕಾಯಿರಿ. ಬಾಯಾರಿ ಬಾಡಿದ ಗಿಡಕ್ಕೆ ಹೊಡೆಯಬೇಡಿ, ನೀರು ಕುಡಿಸಿ ಅದು ಚೇತರಿಸಿಕೊಳ್ಳಲಿ. ಹೊತ್ತು ಸಂಜೆಯೇ ಆಗಬೇಕು. ಬಿಸಿಲು 32 ಡಿಗ್ರಿ ದಾಟಿದ ಹೊತ್ತಿನಲ್ಲಿ ಎಣ್ಣೆ, ಸೋಪು ಎರಡೂ ಎಲೆಗೆ ಅಪಾಯ. ಮೊಟ್ಟೆಗಳೆಲ್ಲ ಒಂದೇ ಸಲಕ್ಕೆ ಸಾಯುವುದಿಲ್ಲ, ಐದರಿಂದ ಏಳು ದಿನ ಬಿಟ್ಟು ಮತ್ತೊಮ್ಮೆ ಹೊಡೆಯಲೇಬೇಕು. ಹೆಚ್ಚಿನವರು ಇಲ್ಲೇ ಕೈಬಿಡುವುದು.

ಪ್ರಶ್ನೆ: ಮೆಣಸಿನ ಗಿಡದ ಚಿಗುರು ಮುರುಟಿಕೊಂಡಿದೆ. ಇದು ವೈರಸ್ಸಾ?

ಎಲೆ ಯಾವ ಕಡೆಗೆ ಮುರುಟಿದೆ ಅಂತ ನೀವು ಬರೆದಿಲ್ಲ. ಉತ್ತರ ಇರುವುದು ಅದರಲ್ಲೇ.

ಅಂಚು ಮೇಲಕ್ಕೆ ಮಡಚಿ ಎಲೆ ದೋಣಿಯಂತಾಗಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್. ಎಲೆಯ ಅಡಿಯಲ್ಲೋ ಹೂವಿನೊಳಗೋ ಸಣ್ಣ ಗೀಟಿನಂಥ ಹುಳು ಓಡಾಡುವುದು ಕಾಣುತ್ತದೆ. ಅಂಚು ಕೆಳಕ್ಕೆ ಮಡಚಿ, ಎಲೆ ಕಿರಿದಾಗಿ, ತೊಟ್ಟು ಮಾತ್ರ ಉದ್ದವಾಗಿದ್ದರೆ ಅದು ನುಸಿ. ಮೇಲೆ ಹೇಳಿದ ಜೇಡ ನುಸಿಯಲ್ಲ, ಬರಿಗಣ್ಣಿಗೆ ಕಾಣದ ಇನ್ನೊಂದು ಜಾತಿ. ಈ ಎರಡರಲ್ಲೂ ಗಿಡ ಉಳಿಯುತ್ತದೆ. ಕೆಟ್ಟ ಚಿಗುರು ಚಿವುಟಿ ತೆಗೆದು ಬೇವಿನೆಣ್ಣೆ ಹೊಡೆಯಿರಿ. ಮುರುಟಿದ ಎಲೆ ಮತ್ತೆ ಬಿಚ್ಚಿಕೊಳ್ಳುವುದಿಲ್ಲ, ಅದನ್ನು ನೋಡಿ ಔಷಧಿ ಕೆಲಸ ಮಾಡಲಿಲ್ಲ ಅಂದುಕೊಳ್ಳಬೇಡಿ. ಹೊಸ ಚಿಗುರು ಹೇಗೆ ಬರುತ್ತದೆ ನೋಡಿ.

ಇಡೀ ಗಿಡವೇ ಗಿಡ್ಡವಾಗಿ, ಎಲೆಗಳು ಚಿಕ್ಕದಾಗಿ ಹಳದಿ ತಿರುಗಿ ತುದಿಯಲ್ಲಿ ಗೊಂಚಲಾಗಿದ್ದರೆ, ಅಲುಗಿಸಿದಾಗ ಬಿಳಿ ನೊಣ ಏಳುತ್ತಿದ್ದರೆ, ಆಗ ವೈರಸ್ಸೇ ಅನ್ನಬಹುದು. ಟೊಮೆಟೊದಲ್ಲೂ ಇದೇ ಕಥೆ. ವೈರಸ್ಸಿಗೆ ಮದ್ದಿಲ್ಲ. ಕೀಳುವುದೊಂದೇ ದಾರಿ. ಕೀಳುವಾಗ ಸುಮ್ನೆ ಎಳೆದರೆ ಬಿಳಿ ನೊಣಗಳೆಲ್ಲ ಹಾರಿ ಪಕ್ಕದ ಗಿಡದಲ್ಲಿ ಕೂರುತ್ತವೆ, ಅವುಗಳ ಜೊತೆ ವೈರಸ್ಸೂ ಹೋಗುತ್ತದೆ. ಅವು ಮಂಕಾಗಿರುವ ಬೆಳಗಿನ ಜಾವ ಗಿಡಕ್ಕೆ ಮೇಲಿಂದ ಚೀಲ ಕವುಚಿ, ಬುಡದಲ್ಲಿ ಕಟ್ಟಿ, ಆಮೇಲೆ ಕೀಳಿ. ಹಳದಿ ಅಂಟು ಹಾಳೆ ನೇತುಹಾಕಿ, ಆದರೆ ಅದರಿಂದಲೇ ನೊಣ ಮುಗಿಯುತ್ತದೆ ಅನ್ನುವ ಭ್ರಮೆ ಬೇಡ. ನೊಣ ಬಂದಿದೆ ಅಂತ ಬೇಗ ತಿಳಿಸುವುದೇ ಅದರ ದೊಡ್ಡ ಉಪಯೋಗ.

ಪ್ರಶ್ನೆ: ದಾಸವಾಳಕ್ಕೆ ಹಿಟ್ಟು ತಿಗಣೆ. ತೊಳೆದರೂ ವಾರದಲ್ಲಿ ವಾಪಸ್. ಇರುವೆಗಳೂ ಜಾಸ್ತಿ ಇವೆ.

ಇರುವೆ ನಿಲ್ಲಿಸದೆ ತಿಗಣೆ ನಿಲ್ಲುವುದಿಲ್ಲ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅವಕ್ಕೆ ಕಾವಲು ಕೂರುತ್ತವೆ, ಬೇಟೆಗೆ ಬಂದ ಹುಳುಗಳನ್ನು ಓಡಿಸುತ್ತವೆ. ಕುಂಡವಾದರೆ ಅದನ್ನು ಸ್ಟ್ಯಾಂಡಿನ ಮೇಲಿಟ್ಟು ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಕೊಂಬೆ ಗೋಡೆಗೆ ತಾಗಿದ್ದರೆ ಕತ್ತರಿಸಿ, ಇಲ್ಲದಿದ್ದರೆ ಅದೇ ಸೇತುವೆಯಾಗುತ್ತದೆ. ತಿಗಣೆ ಸ್ವಲ್ಪವೇ ಇದ್ದರೆ 70 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿ ಅದ್ದಿ ಒಂದೊಂದನ್ನೇ ಒರೆಸಿ. ತಿಗಣೆಯ ಮೈಮೇಲಿನ ಹಿಟ್ಟಿನಂಥ ಬಿಳಿ ಮೇಣ ಕರಗಿ ಅದು ಸಾಯುತ್ತದೆ. ಎಲೆಯ ಮೇಲಿನ ಕಪ್ಪು ಮಸಿ ಬೇರೆ ರೋಗವಲ್ಲ, ಆ ಅಂಟಿನ ಮೇಲೆ ಬೆಳೆದ ಬೂಷ್ಟು, ತೊಳೆದರೆ ಹೋಗುತ್ತದೆ.

ಒಂದು ಎಚ್ಚರಿಕೆ. ತಿಗಣೆಗಳ ನಡುವೆ ಅದೇ ಥರದ, ಆದರೆ ದೊಡ್ಡದಾದ, ಉದ್ದುದ್ದ ಬಿಳಿ ಎಳೆಗಳಿರುವ, ಚುರುಕಾಗಿ ಓಡಾಡುವ ಹುಳು ಕಂಡರೆ ಕೈಹಾಕಬೇಡಿ. ಅದು ತಿಗಣೆಯನ್ನೇ ತಿನ್ನುವ ಗುಲಗಂಜಿ ಜಾತಿಯ ಮರಿ. ವೇಷ ಮಾತ್ರ ಶತ್ರುವಿನದು.

ಪ್ರಶ್ನೆ: ಟೊಮೆಟೊ ಕಾಯಿಯ ತಳ ಕಪ್ಪಾಗಿ ಒಳಕ್ಕೆ ಕುಸಿಯುತ್ತಿದೆ. ಯಾವ ಶಿಲೀಂಧ್ರನಾಶಕ?

ಯಾವುದೂ ಬೇಡ. ಅದು ಶಿಲೀಂಧ್ರವಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪುತ್ತಿಲ್ಲ. ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದರೂ ಹೀಗಾಗುತ್ತದೆ, ಯಾಕೆಂದರೆ ಅದನ್ನು ಹೊತ್ತೊಯ್ಯುವುದು ನೀರು. ಒಂದು ದಿನ ಒಣಗಿಸಿ ಮರುದಿನ ಕೆರೆ ಮಾಡಿದರೆ ಸಾಗಣೆ ಕೆಡುತ್ತದೆ. ಕ್ಯಾಲ್ಸಿಯಂ ಸಿಗಲಿ ಅಂತ ಹಾಕುವ ಮೊಟ್ಟೆ ಸಿಪ್ಪೆ ಮಣ್ಣಲ್ಲಿ ಕರಗುವುದು ತೀರಾ ನಿಧಾನ, ಈ ಬೆಳೆಗೆ ಅದು ದಕ್ಕುವುದಿಲ್ಲ. ದಿನಾ ಒಂದೇ ಹದಕ್ಕೆ ನೀರು ಕೊಡಿ, ಬುಡಕ್ಕೆ ಎರಡಿಂಚು ಒಣ ಎಲೆ ಹೊದಿಸಿ. ಕಪ್ಪಾದ ಕಾಯಿ ಕಿತ್ತುಬಿಡಿ.

ಪ್ರಶ್ನೆ: ಮಧ್ಯಾಹ್ನ ಗಿಡಗಳು ಜೋಲುತ್ತವೆ. ಇನ್ನೊಂದು ಸಲ ನೀರು ಹಾಕಲಾ?

ಸಂಜೆಗೆ ತಾನಾಗಿ ಎದ್ದರೆ ಬೇಡ, ಅದು ಬರೀ ಸೆಕೆ. ಬೆಳಿಗ್ಗೆಯೂ ಜೋತಿದ್ದರೆ ಬೆರಳನ್ನು ಎರಡಿಂಚು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ನೀರು ಕೊಡಿ. ಒದ್ದೆ ಇದ್ದೂ ಬಾಡಿದ್ದರೆ ಬೇರು ಕೊಳೆಯುತ್ತಿರಬಹುದು, ಇನ್ನೂ ನೀರು ಹಾಕಿದರೆ ಗಿಡ ಹೋದ ಹಾಗೇ. ಟೊಮೆಟೊ, ಬದನೆ ಹಸಿರಾಗಿದ್ದಂತೆಯೇ ದಿಢೀರ್ ಸೊರಗಿದರೆ ಬುಡದ ಹತ್ತಿರ ಕಾಂಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಿಸದೆ ಹಿಡಿಯಿರಿ. ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾ ಸೊರಗು ರೋಗ. ಗಿಡವನ್ನು ಬೇರು ಸಮೇತ ತೆಗೆಯಿರಿ. ಆ ಮಣ್ಣಲ್ಲಿ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಮತ್ತೆ ಹಾಕಬೇಡಿ.

ಪ್ರಶ್ನೆ: ಸೌತೆ ಬಳ್ಳಿಗೆ ಬೂದಿ ರೋಗ. ಗಂಧಕದ ಪುಡಿ ಹೊಡೆಯಬಹುದಾ?

ಸೌತೆ, ಕುಂಬಳದ ಜಾತಿಗೆ ಗಂಧಕ ಒಗ್ಗದೇ ಇರಬಹುದು, ಬೇಸಿಗೆಯಲ್ಲಂತೂ ಎಲೆ ಸುಡುವ ಭಯ ಜಾಸ್ತಿ. ಬಿಳಿಯಾದ ಹಳೆ ಎಲೆ ತೆಗೆದು ಗಾಳಿ ಆಡಲು ಬಿಡಿ. ಒಂದು ಭಾಗ ಹಾಲಿಗೆ ಒಂಬತ್ತು ಭಾಗ ನೀರು ಬೆರೆಸಿ ವಾರಕ್ಕೊಮ್ಮೆ ಹೊಡೆಯಿರಿ, ರೋಗ ಶುರುವಿನಲ್ಲೇ ಇದ್ದರೆ ಹತೋಟಿಗೆ ಬರುತ್ತದೆ. ಬೇರೆ ಗಿಡಕ್ಕೆ ಗಂಧಕ ಬಳಸುವುದಿದ್ದರೂ ಬೇವಿನೆಣ್ಣೆ ಹೊಡೆದು ಎರಡು ವಾರ ಕಳೆದಿರಲಿ.