ಐಲ್ಯಾಂಡ್ ಕಟ್ಟುವ ಮೊದಲು ಸುತ್ತಲಿನ ಜಾಗ ಅಳೆಯಿರಿ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಸುಮಾರು ಮೂವತ್ತು ವರ್ಷ ಹಳೆಯ ಮನೆ, ಮೇಲೊಂದು ಮಹಡಿ ಇದೆ. ನೆಲಮಹಡಿಯಲ್ಲಿರುವ ಅಡುಗೆಮನೆ ಪೂರ್ವ–ಪಶ್ಚಿಮ 11 ಅಡಿ, ಉತ್ತರ–ದಕ್ಷಿಣ 10 ಅಡಿ. ಪೂರ್ವದ ಗೋಡೆಗೆ 2 ಅಡಿ ಅಗಲದ ಕಟ್ಟೆ, ಒಲೆ ಮತ್ತು ಸಿಂಕ್ ಅಲ್ಲೇ ಇವೆ. ಪಶ್ಚಿಮದ ಗೋಡೆಗೆ ಫ್ರಿಜ್. ಗೋಡೆಯಾಚೆ 9 ಅಡಿಯ ಊಟದ ಕೋಣೆ. ನಾನು, ಅತ್ತೆ ಒಟ್ಟಿಗೇ ಅಡುಗೆ ಮಾಡುತ್ತೇವೆ. ನಡುವೆ 4 ಅಡಿ ಉದ್ದ, ಎರಡೂವರೆ ಅಡಿ ಅಗಲದ ಐಲ್ಯಾಂಡ್ (ಗೋಡೆಗೆ ತಾಗದೆ ಬಿಡಿಯಾಗಿ ನಿಲ್ಲುವ ಕಟ್ಟೆ) ಕಟ್ಟಿಸಿ ಒಲೆಯನ್ನೂ ಸಿಂಕನ್ನೂ ಅದಕ್ಕೆ ಸಾಗಿಸಬೇಕೆಂದಿದ್ದೇವೆ. ಜಾಗ ಸಾಲದಿದ್ದರೆ ಗೋಡೆ ಒಡೆದರಾಯಿತು ಎನ್ನುತ್ತಾರೆ ಮೇಸ್ತ್ರಿ. ಮುಂದುವರಿಯಬಹುದೇ?

ಉತ್ತರ: ಐಲ್ಯಾಂಡ್ ಬೇಕು ಎನ್ನುವ ನಿಮ್ಮ ಆಸೆ ಸರಿಯಾಗಿಯೇ ಇದೆ. ಇಬ್ಬರು ಒಂದೇ ಕಟ್ಟೆಯ ಮುಂದೆ ಭುಜಕ್ಕೆ ಭುಜ ತಾಗಿಸಿಕೊಂಡು ಕೆಲಸ ಮಾಡುವ ಮನೆಗೇ ಅದು ಹೆಚ್ಚು ಉಪಯೋಗ. ಆದರೆ ಒಲೆ ಮತ್ತು ಸಿಂಕ್ ಇದ್ದಲ್ಲೇ ಇರಲಿ. ಗೋಡೆಯ ವಿಷಯದಲ್ಲಿ ಮೇಸ್ತ್ರಿಯ ಮಾತೊಂದೇ ಸಾಲದು.

ಮೊದಲು ಲೆಕ್ಕ ನೋಡೋಣ. ಒಬ್ಬರೇ ಅಡುಗೆ ಮಾಡುವುದಾದರೆ ಕಟ್ಟೆಗೂ ಐಲ್ಯಾಂಡಿಗೂ ನಡುವೆ ಮೂರೂವರೆ ಅಡಿ ಬೇಕು, ಇಬ್ಬರಿದ್ದರೆ 4 ಅಡಿ. ಒಬ್ಬರು ಬಿಸಿ ಸಾರಿನ ಪಾತ್ರೆ ಹಿಡಿದು ತಿರುಗುವಾಗ ಇನ್ನೊಬ್ಬರು ಬೆನ್ನ ಹಿಂದೆ ಹಾದುಹೋಗುವಂತಿರಬೇಕಲ್ಲ. ಕಟ್ಟೆಗೆ 2 ಅಡಿ, ಓಡಾಟಕ್ಕೆ 4, ಐಲ್ಯಾಂಡಿಗೆ ಎರಡೂವರೆ: ಅಲ್ಲಿಗೆ ಎಂಟೂವರೆ ಅಡಿ ಮುಗಿಯಿತು. ಉಳಿದ ಎರಡೂವರೆ ಅಡಿಯಲ್ಲಿ ಫ್ರಿಜ್ ನಿಂತರೆ ಅದರ ಬಾಗಿಲು ತೆರೆಯುವುದಕ್ಕೂ ಜಾಗವಿಲ್ಲ. ಗೋಡೆ ಈಗಿನಂತೆಯೇ ಇದ್ದರೆ ಐಲ್ಯಾಂಡ್ ಬೇಡ ಎಂದೇ ಹೇಳುತ್ತೇನೆ.

ಇನ್ನು ಗೋಡೆ. ಆ ಕಾಲದ ಬಹಳಷ್ಟು ಮನೆಗಳಿಗೆ ಕಂಬಗಳಿಲ್ಲ, ಚಾವಣಿಯ ಭಾರ ಹೊರುವುದು ಗೋಡೆಗಳೇ. ಬಾಗಿಲ ಬಳಿ ಗೋಡೆಯ ದಪ್ಪ ಅಳೆಯಿರಿ. ಗಾರೆ ಸೇರಿ ಹತ್ತು ಇಂಚಿನ ಆಸುಪಾಸು ಬಂದರೆ ಅದು 9 ಇಂಚಿನ ಇಟ್ಟಿಗೆ ಗೋಡೆ, ಭಾರ ಹೊತ್ತಿದೆ ಎಂದೇ ತಿಳಿಯಿರಿ. ಮಹಡಿಯಲ್ಲಿ ಅದರ ನೇರಕ್ಕೆ ಇನ್ನೊಂದು ಗೋಡೆ ಇದ್ದರಂತೂ ಅನುಮಾನವೇ ಬೇಡ. ಆರು ಇಂಚಿನೊಳಗಿದ್ದರೆ ಬರೀ ಅಡ್ಡಗೋಡೆ ಇರಬಹುದು, ಆದರೂ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡದೆ ಸುತ್ತಿಗೆ ಎತ್ತಬೇಡಿ. ಭಾರದ ಗೋಡೆಯಾದರೂ ದಾರಿಯಿದೆ. ಚಾವಣಿಗೆ ಕೆಳಗಿನಿಂದ ಆಸರೆ ಕೊಟ್ಟು, ಎಂಜಿನಿಯರ್ ಬರೆದುಕೊಟ್ಟ ಅಳತೆಯ ಉಕ್ಕಿನ ಅಥವಾ ಕಾಂಕ್ರೀಟ್ ತೊಲೆ ಕೂರಿಸಿ, ಅದರ ಕೆಳಗಷ್ಟೇ ತೆರೆಯಬೇಕು. ಇಡೀ ಹತ್ತಡಿ ಒಡೆಯುವ ಅಗತ್ಯವೂ ಇಲ್ಲ. ಎರಡೂ ಬದಿ 2 ಅಡಿ ಗೋಡೆ ಉಳಿಸಿ ನಡುವೆ 6 ಅಡಿ ತೆರೆದರೆ ಸಾಕು. ತೊಲೆಯ ತುದಿಗಳು ಕೂರಲು ಆ ತುಂಡುಗೋಡೆಗಳು ಬೇಕೇ ಬೇಕು. ಫ್ರಿಜ್ ಉತ್ತರದ ಗೋಡೆಗೆ ಹೋಗಲಿ. ಐಲ್ಯಾಂಡಿನ ಆಚೆಬದಿ ಊಟದ ಕೋಣೆಗೆ ತೆರೆದುಕೊಳ್ಳುತ್ತದೆ, ಮಕ್ಕಳು ಸ್ಟೂಲ್ ಎಳೆದುಕೊಂಡು ಅಲ್ಲೇ ತಿಂಡಿ ತಿನ್ನಬಹುದು.

ಸಿಂಕ್ ಏಕೆ ಸಾಗಿಸಬಾರದು? ಕೊಳಾಯಿಯ ನೀರನ್ನು ಎಲ್ಲಿಗೆ ಬೇಕಾದರೂ ತರಬಹುದು, ಬಳಸಿದ ನೀರನ್ನು ಹೊರಗೆ ಕಳಿಸುವುದೇ ಕಷ್ಟ. ಕೊಳವೆಗೆ ಅಡಿಗೆ ಕಾಲು ಇಂಚಿನಂತೆ ಇಳಿಜಾರು ಬೇಕು. ನಿಮ್ಮ ಐಲ್ಯಾಂಡಿನಿಂದ ಪೂರ್ವದ ಹೊರಗೋಡೆಗೆ ಏಳೆಂಟು ಅಡಿ, ಅಂದರೆ ಇಳಿಜಾರಿಗೇ ಸುಮಾರು 2 ಇಂಚು. ಅದರ ಮೇಲೆ ಕೊಳವೆಯ ಗಾತ್ರ ಬೇರೆ. ಅಷ್ಟು ಆಳಕ್ಕೆ ನೆಲ ಅಗೆದು ಹೂತ ಕೊಳವೆಯಲ್ಲಿ ಜಿಡ್ಡು, ಅನ್ನದ ಗಂಜಿ ಕಟ್ಟಿಕೊಂಡರೆ ಮತ್ತೆ ನೆಲವನ್ನೇ ಒಡೆಯಬೇಕಾದೀತು.

ಒಲೆಗೆ ನನ್ನ ಆಕ್ಷೇಪ ಇನ್ನೂ ಬಲವಾದದ್ದು. ಸಿಲಿಂಡರಿನ ರಬ್ಬರ್ ಕೊಳವೆ ಒಂದೂವರೆ ಮೀಟರ್ ಮೀರಬಾರದು; ಅದನ್ನು ಗೋಡೆಯೊಳಗೋ ನೆಲದಡಿಯೋ ಹಾಯಿಸುವಂತೆಯೇ ಇಲ್ಲ. ಐಲ್ಯಾಂಡಿನ ಕಪಾಟಿನಲ್ಲೇ ಸಿಲಿಂಡರ್ ಇಡೋಣವೆಂದರೆ, ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕಪಾಟಿನ ತಳದಲ್ಲೇ ಶೇಖರವಾಗುತ್ತದೆ. ಜೊತೆಗೆ ನಮ್ಮದು ಸಾಸಿವೆ ಸಿಡಿಯುವ, ಒಣಮೆಣಸಿನಕಾಯಿ ಘಾಟು ಏಳುವ ಅಡುಗೆ. ಹೊಗೆ ಹೀರಲು ಚಾವಣಿಯಿಂದ ಇಳಿಬಿಡುವ ಚಿಮಣಿ ಬೇಕಾಗುತ್ತದೆ, ಅದರ ಬೆಲೆ ಗೋಡೆ ಚಿಮಣಿಗಿಂತ ಬಹಳ ಹೆಚ್ಚು. ಸುತ್ತ ಗೋಡೆಯಿಲ್ಲದ ಕಡೆ ಗಾಳಿ ಬೀಸಿದರೆ ಅದೂ ಪೂರ್ತಿ ಎಳೆಯುವುದಿಲ್ಲ. ಈಗ ನೀವು ಪೂರ್ವಕ್ಕೆ ಮುಖ ಮಾಡಿ ಅಡುಗೆ ಮಾಡುತ್ತಿದ್ದೀರಿ. ನಿಮ್ಮ ಅತ್ತೆಯವರಿಗೆ ಅದು ಮುಖ್ಯವಾಗಿದ್ದರೆ ಹಾಗೆಯೇ ಮುಂದುವರಿಯಲಿ.

ಹಾಗಾದರೆ ಐಲ್ಯಾಂಡಿನ ಮೇಲೆ ಏನು ಕೆಲಸ? ತರಕಾರಿ ಹೆಚ್ಚುವುದು, ಚಪಾತಿ ಲಟ್ಟಿಸುವುದು, ಹಬ್ಬಕ್ಕೆ ಹೋಳಿಗೆ ತಟ್ಟುವುದು, ಮಿಕ್ಸಿ, ಗ್ರೈಂಡರ್. ನಿಜಕ್ಕೂ ಜಾಗ ಸಾಲದೆ ಒದ್ದಾಡುವುದು ಈ ಕೆಲಸಗಳಿಗೇ. ಎತ್ತರವನ್ನು ಒಲೆಯ ಕಟ್ಟೆಗೆ ಸಮ ಮಾಡಬೇಡಿ, ಎರಡು ಮೂರು ಇಂಚು ತಗ್ಗಿಸಿ. ಲಟ್ಟಿಸುವಾಗ ಕೈಗೆ ಮೈಭಾರ ಸಿಗುತ್ತದೆ, ಹಿರಿಯರು ಸ್ಟೂಲಿನಲ್ಲಿ ಕುಳಿತು ಸೊಪ್ಪು ಬಿಡಿಸಲೂ ಅನುಕೂಲ. ಮೇಲೆ 20 ಮಿಲಿಮೀಟರ್ ಗ್ರಾನೈಟ್ ಹಾಸಿ, ಅಂಚು ದುಂಡಗಿರಲಿ. ಕುಳಿತವರ ಮೊಣಕಾಲಿಗೆಂದು ಕಲ್ಲನ್ನು ಹತ್ತು ಇಂಚಿಗಿಂತ ಹೊರಚಾಚಿದರೆ ಕೆಳಗೆ ಕಬ್ಬಿಣದ ಬ್ರಾಕೆಟ್ ಕೊಡಿಸಿ. ವಿದ್ಯುತ್ ಕೊಳವೆಯನ್ನು ನೆಲದ ಟೈಲ್ಸ್ ಹಾಕುವ ಮೊದಲೇ ಹೂಳಿಸಬೇಕು, ಆಮೇಲೆ ನೆನಪಾದರೆ ಪ್ರಯೋಜನವಿಲ್ಲ. ಆ ಸಾಲಿಗೆ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಇರಲೇಬೇಕು.

ಖರ್ಚಿಗಿಳಿಯುವ ಮೊದಲು ಅದೇ ಅಳತೆಯ ಹಳೆಯ ಮೇಜೊಂದನ್ನು ಅಲ್ಲಿಟ್ಟು ಒಂದು ವಾರ ಅಡುಗೆ ಮಾಡಿ. ಫ್ರಿಜ್ ಇರುವ ಬದಿ ಇಕ್ಕಟ್ಟಾದರೂ ಪರವಾಗಿಲ್ಲ, ಒಲೆಯ ಬದಿಯ ಓಡಾಟ ಗಮನಿಸಿ. ಸೊಂಟ ಎಲ್ಲಿ ಮೂಲೆಗೆ ತಾಗುತ್ತದೆ ಎಂಬುದು ಎರಡೇ ದಿನದಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಮಂಗಳೂರಿನ ಮಳೆಗೆ ಐಲ್ಯಾಂಡಿನ ಕಪಾಟು ಪ್ಲೈವುಡ್‌ನಲ್ಲಿ ಬಾಳೀತೇ?

ಉತ್ತರ: ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಆದರೆ ಬಾಳುತ್ತದೆ. ಐಎಸ್ 303ರ ಎಂಆರ್ ದರ್ಜೆಯದು ತೇವ ತಡೆಯುವಷ್ಟಕ್ಕೆ ಮಾತ್ರ, ನಿಮ್ಮೂರಿಗೆ ಬೇಡ. ಹಲಗೆಯ ಕತ್ತರಿಸಿದ ಅಂಚುಗಳನ್ನೆಲ್ಲ ಮುಚ್ಚಿಸಿ, ಪೆಟ್ಟಿಗೆ ನೆಲಕ್ಕೆ ತಾಗದಂತೆ 4 ಇಂಚಿನ ಕಾಲುಗಳ ಮೇಲೆ ನಿಲ್ಲಿಸಿ. ಕೀಲುಗಳು 304 ದರ್ಜೆಯ ಸ್ಟೀಲಿನವೇ ಇರಲಿ.

ಪ್ರಶ್ನೆ: ಬೆಂಗಳೂರಿನ ಫ್ಲಾಟ್, ಅಡುಗೆಮನೆ 8 ಅಡಿಗೆ 7 ಅಡಿ. ಗೋಡೆ ತೆಗೆದು ಐಲ್ಯಾಂಡ್ ಮಾಡಬಹುದೇ?

ಉತ್ತರ: ಹೊಸ ಕಟ್ಟಡಗಳಲ್ಲಿ ಅನೇಕ ಕಡೆ ಒಳಗೋಡೆಗಳೂ ಎರಕದ ಕಾಂಕ್ರೀಟಿನವು, ಇಡೀ ಕಟ್ಟಡದ ಭಾರ ಹೊತ್ತಂಥವು. ಅವನ್ನು ಮುಟ್ಟಲೇಬಾರದು. ಗಾಲಿಗೆ ಬೀಗವಿರುವ, ಒಂದೂವರೆ ಅಡಿ ಅಗಲದ ಮರದ ಟ್ರಾಲಿ ಮಾಡಿಸಿಕೊಳ್ಳಿ. ಬೇಕಾದಾಗ ಎಳೆದುಕೊಂಡು, ಕೆಲಸ ಮುಗಿದ ಮೇಲೆ ಕಟ್ಟೆಯಡಿಗೆ ತಳ್ಳಬಹುದು. ಅದರ ಎತ್ತರ ಕಟ್ಟೆಯ ಕಲ್ಲಿನ ಕೆಳಮೈಗಿಂತ ಒಂದು ಇಂಚು ಕಡಿಮೆಯಿರಲಿ.