ರೋಟಾವೇಟರ್ ಪಿಟಿಒ ಶಾಫ್ಟಿನ ಕ್ರಾಸ್ ಪದೇಪದೇ ಹೋಗ್ತದ, ಗಟ್ಟಿ ಬೋಲ್ಟ್ ಹಾಕಲೇನ್ರಿ?

ಹಾಕಬೇಡ್ರಿ. ಪಿಟಿಒ ಅಂದರೆ ಟ್ರ್ಯಾಕ್ಟರಿನ ಹಿಂದೆ ಇಂಜಿನ್ ಬಲದಿಂದ ತಿರುಗುವ ತುದಿ; ಆ ಬಲವನ್ನು ಮಣ್ಣು ಕೊಚ್ಚುವ ರೋಟಾವೇಟರಿಗೆ ಒಯ್ಯುವುದು ಈ ಶಾಫ್ಟ್, ಅದರ ಎರಡೂ ಕೀಲುಗಳಲ್ಲಿರುವ ನಾಲ್ಕು ತುದಿಯ ತುಂಡೇ ಕ್ರಾಸ್. ನಿಮ್ಮದು 45 ಎಚ್‌ಪಿ ಟ್ರ್ಯಾಕ್ಟರ್, 6 ಅಡಿ ರೋಟಾವೇಟರ್, ಚಿತ್ತಾಪುರ ಕಡೆಯ ಹೊಲ. ತೊಗರಿ ಕೂಳೆ ಹೊಡೆಯುವಾಗ ಎರಡು ಕ್ರಾಸ್ ಹೋದವು, ಶಿಯರ್ ಬೋಲ್ಟ್ ಕಟ್ ಆಗುತ್ತಲೇ ಇದೆ, ಬದುವಿನ ಹತ್ತಿರ ತಿರುಗುವಾಗ ಟಕಟಕ ಅನ್ನುತ್ತದೆ ಎಂದಿದ್ದೀರಿ. ಆ ಬೋಲ್ಟ್ ಇರುವುದೇ ಮುರಿಯಲಿಕ್ಕೆ. ಅದು ತಡೆದುಕೊಂಡರೆ ಪರಸಿ ಕಲ್ಲಿಗೆ ಹಲ್ಲು ಬಡಿದ ಏಟೆಲ್ಲ ಗೇರ್ ಬಾಕ್ಸಿಗೆ ಹೋಗುತ್ತದೆ.

ಮುರಿದ ಬೋಲ್ಟ್ ಕೈಯಲ್ಲಿ ಹಿಡಿದು ನೋಡಿರಿ. ಕತ್ತರಿಸಿದಂತೆ ಸಪಾಟಾಗಿದ್ದರೆ ಕಲ್ಲಿನ ಏಟು, ಇಲ್ಲವೇ ಹಲ್ಲು ಮಣ್ಣಿನಲ್ಲಿರುವಾಗಲೇ ರೇಸ್ ಕೊಟ್ಟು ಪಿಟಿಒ ಹಾಕಿದ್ದು. ಬೋಲ್ಟಿನ ಕಡ್ಡಿ ಬಾಗಿ, ಮೆಟ್ಟಿಲು ಬಿದ್ದಂತಿದ್ದರೆ ಬೋಲ್ಟ್ ಕೂರುವ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದೆ. ಇನ್ನೊಂದು, ಅಂಗಡಿಯಲ್ಲಿ ಸಿಗುವ ಪೂರ್ತಿ ಚೂಡಿ (ಥ್ರೆಡ್) ಇರುವ ಬೋಲ್ಟ್ ತರಬೇಡ್ರಿ. ಕಟ್ ಆಗುವ ಜಾಗದಲ್ಲಿ ಚೂಡಿ ಬಂದರೆ ಸುಮ್ಮನೆ ಮುರಿಯುತ್ತದೆ. ರೋಟಾವೇಟರಿನ ಪುಸ್ತಕದಲ್ಲಿ ಹೇಳಿದ ಗ್ರೇಡ್, ಹೆಚ್ಚಿನವಕ್ಕೆ ತಲೆಯ ಮೇಲೆ 8.8 ಎಂದಿರುವುದು, ಸಾಕು.

ಕ್ರಾಸ್ ಹೋಗುವುದಕ್ಕೆ ನನ್ನ ಮೊದಲ ಗುಮಾನಿ ಆ ತಿರುವಿನ ಮೇಲೆಯೇ. ಪಿಟಿಒ ತಿರುಗುತ್ತಿರುವಾಗಲೇ ಲಿಫ್ಟ್ ಪೂರ್ತಿ ಎತ್ತಿದರೆ ಶಾಫ್ಟ್ ಕೀಲಿನಲ್ಲಿ ಕಡಿದಾಗಿ ಓರೆಯಾಗಿ ನಿಲ್ಲುತ್ತದೆ. ಓರೆಯಾದ ಕ್ರಾಸ್ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಸಿ ಇಳಿಸುತ್ತದೆ. 540 ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಜಗ್ಗಾಟ. ಪಿಟಿಒ ಬಂದ್ ಮಾಡಿ ಎತ್ತಿರಿ. ಆಗದಿದ್ದರೆ ಲಿಫ್ಟ್ ಲಿವರಿನ ಸ್ಟಾಪರ್ ಹಾಕಿ, ಹಲ್ಲು ನೆಲ ಬಿಟ್ಟು ಒಂದು ಗೇಣು ಎದ್ದರೆ ಸಾಕು ಅನ್ನುವಂತೆ ಮಾಡಿರಿ.

ಎರಡನೆಯದು ಯೋಕ್‌ಗಳ, ಅಂದರೆ ಕ್ರಾಸನ್ನು ಹಿಡಿಯುವ ಎರಡು ಕಿವಿಯ ಕವಲುಗಳ, ಹೊಂದಾಣಿಕೆ. ಶಾಫ್ಟಿನ ಒಂದರೊಳಗೊಂದು ಜಾರುವ ಪೈಪುಗಳಿಗೆ ಕೂಡಿಸಿದ ಒಳಗಿನ ಎರಡು ಯೋಕ್‌ಗಳ ಕಿವಿ ಒಂದೇ ಸಾಲಿನಲ್ಲಿರಬೇಕು. ಆಗ ಒಂದು ಕ್ರಾಸಿನ ಜಗ್ಗಾಟವನ್ನು ಇನ್ನೊಂದು ತಿನ್ನುತ್ತದೆ. ರಿಪೇರಿಗೆ ಬಿಚ್ಚಿ ಪೈಪ್ ತಿರುಗಿಸಿ ಸಿಕ್ಕಿಸಿದ್ದರೆ ಎಂಥ ಒಳ್ಳೆಯ ಕ್ರಾಸ್ ಹಾಕಿದರೂ ಉಳಿಯದು. ಕೆಲಸ ಮಾಡುವಾಗ ಟ್ರ್ಯಾಕ್ಟರಿನ ಪಿಟಿಒ, ರೋಟಾವೇಟರಿನ ಶಾಫ್ಟ್ ಎರಡೂ ಸಮಾನಾಂತರ ಇರುವಂತೆ ಟಾಪ್ ಲಿಂಕ್ (ಮೇಲಿನ ಜೋಡಣೆಯ ಸರಳು) ತಿರುಗಿಸಿರಿ.

ಉದ್ದವನ್ನೂ ಅಳೆಯಿರಿ. ಶಾಫ್ಟ್ ಅತಿ ಕುಗ್ಗಿದಾಗಲೂ ಒಳಪೈಪಿನ ತುದಿಗೆ ಒಂದಿಂಚು ಖಾಲಿ ಇರಬೇಕು, ಅತಿ ಹಿಗ್ಗಿದಾಗ ಪೈಪಿನ ಮೂರನೇ ಒಂದು ಭಾಗವಾದರೂ ಒಳಗೇ ಇರಬೇಕು. ಕುಗ್ಗಿ ತಳ ಹಿಡಿದರೆ ಟ್ರ್ಯಾಕ್ಟರಿನ ಪಿಟಿಒ ಸೀಲಿನಿಂದ ಎಣ್ಣೆ ಸೋರಲು ಶುರುವಾಗುತ್ತದೆ. ಉದ್ದ ಹೆಚ್ಚಿದ್ದರೆ ಎರಡೂ ಪೈಪು, ಎರಡೂ ಪ್ಲಾಸ್ಟಿಕ್ ಕವರ್ ಸಮನಾಗಿ ಕೊಯ್ಸಿ, ಅಂಚಿಗೆ ಕಾನಸು (ಅರ) ಹಾಕಿರಿ.

ಕ್ರಾಸ್ ಬದಲಿಸುವಾಗ ರೋಟಾವೇಟರ್ ನೆಲಕ್ಕಿಳಿಸಿ, ಇಂಜಿನ್ ಬಂದ್, ಚಾವಿ ಜೇಬಿಗೆ. ಹಳೆಯದನ್ನು ಅಂಗಡಿಗೆ ಒಯ್ದು ಕಪ್ಪಿನ (ಕ್ರಾಸಿನ ತುದಿಗೆ ಕೂರುವ ಬೇರಿಂಗ್ ಟೋಪಿ) ದಪ್ಪ, ತುದಿಯಿಂದ ತುದಿಯ ಉದ್ದ ವರ್ನಿಯರ್‌ನಿಂದ ಅಳೆಸಿರಿ. ಕ್ರಾಸಿನ ನಾಲ್ಕು ತುದಿಗಳಲ್ಲಿ ಒಂದೇ ನೀಲಿಗಟ್ಟಿದ್ದರೆ ಅಲ್ಲಿಗೆ ಗ್ರೀಸ್ ತಲುಪಿಲ್ಲ. ಹೊಸ ಕಪ್ ಬಡಿಯುವ ಮುಂಚೆ ಸೂಜಿ ಬೇರಿಂಗ್‌ಗಳನ್ನು ಗ್ರೀಸಿನಿಂದ ಗೋಡೆಗೆ ಅಂಟಿಸಿರಿ; ಒಂದೇ ಸೂಜಿ ತಳಕ್ಕೆ ಅಡ್ಡ ಬಿದ್ದರೂ ಕಪ್ ಪೂರ್ತಿ ಕೂರದು, ಅದನ್ನು ಹಿಡಿಯುವ ಲಾಕ್ ತನ್ನ ತೋಡಿಗೆ ಬೀಳದು. ಆಗ ಬಹಳ ಮಂದಿ ಲಾಕನ್ನೇ ಉಜ್ಜಿ ಕೂರಿಸುತ್ತಾರೆ, ಹಾಗೆ ಮಾಡಿದ್ದು ಒಂದು ವಾರವೂ ಬಾಳುವುದಿಲ್ಲ. ಕಪ್ ಬರೀ ಕೈಯಿಂದಲೇ ಒಳಗೆ ಜಾರಿದರೆ ಯೋಕ್ ಹೋಗಿದೆ. ವೆಲ್ಡಿಂಗ್ ಬೇಡ, ಯೋಕೇ ಬದಲಿಸಿರಿ.

ಗ್ರೀಸ್ ನಾಲ್ಕೂ ಕಪ್ಪಿನಿಂದ ಹೊರಬರುವ ತನಕ ಹೊಡೆಯಿರಿ, ಆಮೇಲೆ 8 ತಾಸಿಗೊಮ್ಮೆ. ಪೈಪಿನ ಜಾರುವ ಭಾಗಕ್ಕೂ ಹಚ್ಚಿರಿ, ಅದನ್ನು ಎಲ್ಲರೂ ಮರೆಯುತ್ತಾರೆ. ಕೊನೆಗೆ ಪ್ಲಾಸ್ಟಿಕ್ ಕವರಿನ ಸರಪಳಿ ಕಟ್ಟಿರಿ. ಅದಿಲ್ಲದೆ ಪಿಟಿಒ ಹಾಕಬೇಡ್ರಿ, ಹೆಗಲ ಮೇಲಿನ ಟವೆಲ್ ಸುತ್ತಿಕೊಳ್ಳಲು ಒಂದು ಸೆಕೆಂಡ್ ಸಾಕು.